ಅವ್ರು ಆಡೂದು ಯಾವಾಗ?

ಹೋದ ತಿಂಗಳು ಧಾರವಾಡದಾಗ ನಾವೊಂದಿಪ್ಪತ್ತು ಮಂದಿ ಓದೂ ಹುಚ್ಚಿನವ್ರು ಕೂಡಿದ್ವಿ, ಅಲ್ಲಿ ನಾ ಮಾತಾಡಿದ್ದನ್ನ ಬರದು ಕೊಡ್ರಿ ಅಂತ ಹಿಂದ ಬಿದ್ರು. ಆವತ್ತು ಹೆಂಗ ಹೇಳಿದ್ನೋ ಹಂಗ ಬರದೇನಿ, ನಡುವ ನೆನಪಾದದ್ದು ಒಂದೆರಡು ಸೇರ್ಸೇನಿ.

ನಮಸ್ಕಾರ್ರಿ ಎಲ್ಲಾರಿಗೂ. ಮೊದ್ಲ ಹೇಳಿಬಿಡ್ತೀನಿ, ಕಥಿ ಪೂರಾ ಹೇಳಾಕಿ ಅದೇನಿ, ಯಾರು ಸಾಯ್ತಾರ ಅನ್ನೂದೂ ಬರ್ತೈತಿ, ಓದಬೇಕಂತ ಇಟ್ಕೊಂಡವ್ರು ಇದ್ರ ಹೊರಗ ಚಾ ಕುಡದು ಬರ್ರಿ, ನಾ ಏನೂ ಅನ್ಕೊಳ್ಳೂದಿಲ್ಲ.

ಪುಸ್ತಕ ಗೇಬ್ರಿಯೆಲ್ ಜೆವಿನ್ ಬರದ ‘ಟುಮಾರೋ, ಅಂಡ್ ಟುಮಾರೋ, ಅಂಡ್ ಟುಮಾರೋ’. 2022ರಾಗ ಬಂತು, ಆ ವರ್ಷ ಗುಡ್‌ರೀಡ್ಸ್ ಅನ್ನೂ ಪುಸ್ತಕದ ವೆಬ್‌ಸೈಟಿನ ಓದುಗರ ಓಟಿನಾಗ ಫಿಕ್ಷನ್ ವಿಭಾಗದಾಗ ಗೆದ್ದಿದ್ದೂ ಇದ. ಹೆಸರು ಮ್ಯಾಕ್‌ಬೆತ್ ನಾಟಕದ್ದು. ಬೆಂಗಳೂರಾಗಿರೋ ನನ್ನ ತಮ್ಮ ಕಳಿಸಿಕೊಟ್ಟ, ಅಕ್ಕಾ ಇದು ನಿಂದ ಪುಸ್ತಕ, ವಿಡಿಯೋ ಗೇಮ್ ಐತಿ, ದೋಸ್ತಿ ಐತಿ, ಓದು ಅಂದ. ನಾನೂ ಹಂಗ ಅನ್ಕೊಂಡ ತಗೊಂಡ್ನಿ, ಯಾಕಂದ್ರ ನನ್ನ ಬಾಲ್ಯದ ಅರ್ಧ ಒಂದು ಟಿವಿ ಗೇಮಿನ ಮುಂದ ಹೋಗೈತಿ, ಅದನ್ನ ಯಾರರ ಒಂದು ದಿನ ಕಾದಂಬರಿಯಾಗ ಬರೀತಾರ ಅಂತ ನಂಗ ಕನಸಿನ್ಯಾಗೂ ಅನ್ನಿಸಿದ್ದಿಲ್ಲ.

ಆ ಟಿವಿ ಗೇಮಿನ ಸುದ್ದಿ ಹೇಳದ ಮುಂದ ಹೋಗಾಕ ಆಗೂದಿಲ್ಲ, ಸ್ವಲ್ಪ ತಡಕೊಳ್ರಿ.

ಹುಬ್ಬಳ್ಳಿ, 1995-96ರ ಸುಮಾರು. ನಮ್ಮ ಮನಿಗೆ ಗ್ವಾಡಿ ಹಚ್ಚಿ ನನ್ನ ಗೆಳತಿ ಮನಿ. ಅಕಿ ಅಣ್ಣಗ ಮುಂಬೈದಿಂದ ಅವರ ಕಾಕಾ ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ರು. ಅಸಲಿ ನಿಂಟೆಂಡೋ ಅಲ್ಲರಿ, ಆ ಜಪಾನಿ ಕಂಪನಿಯವರು 1983ರಾಗ ಮಾಡಿದ ಫ್ಯಾಮಿಕಾಮ್ ಅನ್ನೂ ಮಷೀನಿನ ನಕಲು, ಆಗ ನಮ್ಮ ದೇಶದ ಪ್ಯಾಟಿ ತುಂಬ ಅವ ಇದ್ವು. ಕ್ಯಾಸೆಟ್ ಮ್ಯಾಲೆ ಲಕ್ಷಗಟ್ಲೆ ಗೇಮ್ ಅಂತ ಬರದಿರ್ತಿತ್ತು, ಹಾಕಿ ನೋಡಿದ್ರ ಹತ್ತೋ ಹನ್ನೆರಡೋ, ಅವ ಅವ ತಿರಗಿ ಬರ್ತಿದ್ವು. ಶುರು ಆಗಲಿಲ್ಲಂದ್ರ ಕ್ಯಾಸೆಟ್ ತಗದು ಉಫ್ ಅಂತ ಊದಿ ಮತ್ತ ಹಾಕೂದು. ಅಣ್ಣ ಇದ್ರ ನಮಗ ಮುಟ್ಟಾಕ ಬಿಡ್ತಿರಲಿಲ್ಲ, ಅಂವ ಸಂಜಿಕ್ಕ ಕ್ರಿಕೆಟ್ಟಿಗೆ ಹೋದಾಗಿಂದ ಕತ್ತಲಾಗಿ ವಾಪಸ್ ಬರೂತನಕ ಒಂದು ಒಂದೂವರೆ ತಾಸು, ಅದು ನಮ್ದು.

ಟಿವಿ ಬ್ಲ್ಯಾಕ್ ಅಂಡ್ ವೈಟು. ಕಾಂಟ್ರಾ ಅನ್ನೂ ಗುಂಡು ಹಾರ್ಸೂ ಗೇಮ್ ಆಡಿದವ್ರಿಗೆ ಗೊತ್ತಿರ್ತೈತಿ, ಅದರಾಗ ಇಬ್ರು ಸಿಪಾಯಿಗಳು, ಒಬ್ಬಂದು ನೀಲಿ ಪ್ಯಾಂಟು, ಇನ್ನೊಬ್ಬಂದು ಕೆಂಪು. ನಮಗ ಎರಡೂ ಬೂದಿ ಬಣ್ಣ. ಹಂಗಾಗಿ ಪ್ರತಿ ಸಲ ಆಟ ಶುರು ಆದಕೂಡ್ಲೆ ನಾವು ಮೊದ್ಲ ಮಾಡೂ ಕೆಲಸ ಜಿಗಿಯೂದು, ಅಕಿ ಒಮ್ಮೆ ಜಿಗೀತಿದ್ಲು, ನಾ ಒಮ್ಮೆ ಜಿಗೀತಿದ್ದೆ, ಹಾಂ ನೀ ಅಂವ, ನಾ ಇಂವ ಅಂತ ಗುರ್ತ ಹಿಡಿಯೂದು. ನಡುವ ಗದ್ದಲಾದ್ರ ಮತ್ತ ಜಿಗಿಯೂದು. ನಮ್ಮ ಸೆಟ್ಟಿನಾಗ ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ ಇದ್ದಿದ್ದಿಲ್ಲ, ಅಸಲಿ ಫ್ಯಾಮಿಕಾಮಿಗೂ ಹಂಗ. ಅಂದ್ರ ಎರಡನೇ ರಿಮೋಟ್ ಹಿಡದಾಕಿಗೆ ಆಟ ನಿಲ್ಲಿಸೂ ಅಧಿಕಾರ ಇಲ್ಲ, ನೀರು ಕುಡಿಬೇಕಾದ್ರೂ ಒಂದನೇ ರಿಮೋಟಿನಾಕಿನ್ನ ಕೇಳಬೇಕು. ದಿನಾ ಪಾಳಿ ಪ್ರಕಾರ ರಿಮೋಟ್ ಬದ್ಲಿ ಮಾಡ್ಕೊತಿದ್ವಿ, ಅದಕ್ಕೊಂದು ಕ್ಯಾಲೆಂಡರ್ ಮ್ಯಾಲೆ ಗುರ್ತು ಸೈತ ಹಾಕಿದ್ವಿ.

ಈಗ ಪುಸ್ತಕಕ್ಕ ಬರ್ತೀನಿ.

1987, ಲಾಸ್ ಏಂಜಲೀಸಿನ ಒಂದು ಮಕ್ಕಳ ಆಸ್ಪತ್ರಿ. ಸ್ಯಾಮ್ ಅನ್ನೂ ಹುಡುಗ ಕಾರ್ ಆಕ್ಸಿಡೆಂಟಿನಾಗ ತಾಯಿನ್ನ ಕಳ್ಕೊಂಡಾನ, ಕಾಲು ಪುಡಿಪುಡಿ ಆಗೈತಿ, ಯಾರ ಜೋಡಿನೂ ಮಾತಾಡವಲ್ಲ. ಸೇಡಿ ಅನ್ನೂ ಹುಡುಗಿ ಅಕ್ಕಗ ಕ್ಯಾನ್ಸರ್ ಅಂತ ಬಂದಿರ್ತಾಳ. ಆಸ್ಪತ್ರಿ ಗೇಮ್ ರೂಮಿನ್ಯಾಗ ಅಂವ ಸೂಪರ್ ಮಾರಿಯೋ ಆಡಾಕತ್ತಿರ್ತಾನ, ಅಕಿ ಹಿಂದ ನಿಂತು ನೋಡ್ತಾಳ. ಅಂವ ಆಟದ ಒಂದೊಂದು ಹಂತದ ಕಡಿಕ್ಕ ಬರೂ ಧ್ವಜದ ಕಂಬದ ತುದಿಗೇ ಹೋಗಿ ಹತ್ತೂದು ನೋಡಿ ಹೆಂಗ ಮಾಡಿದಿ ಅಂತಾಳ. ಮಾರಿಯೋದಾಗ ಕಂಬದ ತುದಿ ಮುಟ್ಟಿದ್ರ 5000 ಪಾಯಿಂಟು, ಮುಟ್ಟಾಕ ಎಷ್ಟು ತ್ರಾಸು ಅಂತ ಆಡಿದವ್ರಿಗೇ ಗೊತ್ತು. ಅಂವ ರಿಮೋಟ್ ಚಾಚಿ, ಈ ಲೈಫಿನಾಗ ಉಳಿದಿದ್ದು ನೀ ಆಡ್ತಿಯೇನು ಅಂತ ಕೇಳ್ತಾನ.

ಖರೇ ಹೇಳ್ತೀನ್ರಿ, ಅಲ್ಲಿಗೆ ಬಂದಾಗ ನಾ ಪುಸ್ತಕ ಮಡಚಿ ಸುಮ್ನ ಕುಂತೆ. ಮಾರಿಯೋ ಒಬ್ಬ ಸತ್ತ ಮ್ಯಾಲೆ ಇನ್ನೊಬ್ಬನ ಪಾಳಿ ಬರೂ ಆಟ. ಅದರಾಗ ಇನ್ನೂ ಜೀವಂತ ಇದ್ದಾಗನ, ಅರ್ಧ ಆಡಿದ ಲೈಫು ಇನ್ನೊಬ್ಬರ ಕೈಯಾಗ ಕೊಡೂದು ಅಂದ್ರ ಏನು ಅಂತ ಟಿವಿ ಮುಂದ ಪಾಳಿ ಕಾಯ್ದವರಿಗೆ ಹೇಳಬೇಕಾಗಿಲ್ಲ. ಇದನ್ನ ಬರದಾಕಿ ಆಡಿದಾಕಿ ಅಂತ ಗ್ಯಾರಂಟಿ ಆತು ನಂಗ. ಇನ್ನ ಸುಮಾರು 400 ಪುಟ ಹಿಂಗ ಇರ್ತಾವ ಅಂತ ಆಸೆ ಇಟ್ಕೊಂಡೆ, ನನ್ನ ಬ್ಯಾಸರ ಶುರು ಆಗಿದ್ದು ಆ ಆಸೆಯಿಂದನ.

ಮುಂದ ಏನಾಗ್ತೈತಿ ಅಂದ್ರ, ಸೇಡಿ ಅವನ ಜೋಡಿ ಕಳದ ತಾಸುಗಳನ್ನ ಸಮಾಜಸೇವಾ ಅಂತ ಒಂದು ಹಾಳ್ಯಾಗ ಬರಸ್ಕೋತ ಹೋಗ್ತಾಳ, 609 ತಾಸು ಆಗಿರ್ತಾವ, ಅವಂಗ ಅದು ಗೊತ್ತಾಗ್ತೈತಿ, ಅಂವ ಮಾತು ಬಿಡ್ತಾನ. ಇದು ಭಾಳ ಛಲೋ ಗಾಯ, ಯಾಕಂದ್ರ ಇಬ್ರದೂ ತಪ್ಪು ಇಲ್ಲ, ಇಬ್ರಿಗೂ ಹತ್ತೈತಿ. ಆಮ್ಯಾಲೆ ವರ್ಷಗಟ್ಲೆ ಬಿಟ್ಟು ಅಮೆರಿಕಾದ ಕೇಂಬ್ರಿಜ್ ಊರಿನ ಮೆಟ್ರೋ ಸ್ಟೇಶನ್ನಿನ್ಯಾಗ ಮತ್ತ ಸಿಗ್ತಾರ, ಅಂವ ಓದೂದು ಹಾರ್ವರ್ಡಿನಾಗ, ಅಕಿ ಎಂಐಟಿಯಾಗ, ಇಬ್ರೂ ಕೂಡಿ ಒಂದು ಬ್ಯಾಸಗಿ ಸೂಟಿಯಾಗ ಗೇಮ್ ಮಾಡ್ತಾರ. ಸಮುದ್ರ ಕೊಚ್ಚಿಕೊಂಡು ಹೋದ ಒಂದು ಮಗು ಮನಿ ಹುಡಿಕ್ಕೊಂಡು ಬರೂ ಗೇಮು, ಹೆಸರು ಇಚಿಗೋ. ಅದು ಗೆಲ್ತೈತಿ, ಕಂಪನಿ ಬೆಳೀತೈತಿ, ಹೆಸರು ಸ್ಯಾಮಗ ಬರ್ತೈತಿ, ಸೇಡಿ ಹಿಂದ ಉಳೀತಾಳ.

ಇಲ್ಲಿ ನನ್ನ ತಕರಾರು ಶುರು. ಆ ಬ್ಯಾಸಗಿ ಸೂಟಿ ಪುಸ್ತಕದ ಎದಿ ಇದ್ದಂಗ. ಇಬ್ರು ಗೆಳ್ಯಾರು ಒಂದು ಕೋಣ್ಯಾಗ ಕುಂತು ನಿದ್ದಿ ಬಿಟ್ಟು ಒಂದು ಜಗತ್ತು ಕಟ್ಟಾಕತ್ತಾರ, ನಂಗ ಅದ ಬೇಕಾಗಿತ್ತು. ಒಬ್ಬಾಕಿ ಬರದದ್ದನ್ನ ಇನ್ನೊಬ್ಬ ಅಳಿಸಿ ಹಾಕೂದು, ಬ್ಯಾಡ ಅಂದ್ರೂ ಕೇಳದ ಮಾಡೂದು, ಆ ಮಗು ಒಂದು ಹೆಜ್ಜಿ ಇಟ್ರ ಹೆಂಗಿರಬೇಕು ಅಂತ ಮೂರು ದಿನ ಜಗಳಾಡೂದು. ಇಲ್ಲಾ ಅಂತಲ್ಲ, ಒಂದೀಟು ಐತಿ. ಆದ್ರ ಬರೇ ಸುದ್ದಿ ಹೇಳ್ದಂಗ ಹೇಳ್ಕೋತ ಹೋಗ್ತಾಳ ಲೇಖಕಿ, ಅವ್ರು ಭಾಳ ದುಡದ್ರು, ಅವ್ರು ಭಾಳ ಶಾಣ್ಯಾರಿದ್ರು, ಗೇಮ್ ಭಾಳ ಛಂದ ಆತು, ಮಂದಿ ಮೆಚ್ಚಿದ್ರು. ಪೇಪರ್‌ನಾಗ ಸಾಧಕರ ಪರಿಚಯ ಬರ್ತೈತಲ್ಲ, ಹಂಗ. ಕಾದಂಬರಿಯಾಗ ನಾಕೈದು ಗೇಮ್ ಬರ್ತಾವ, ಪ್ರತಿಯೊಂದು ಅದ್ಭುತ ಅಂತ ಹೇಳ್ತಾಳ, ಒಂದನ್ನರ ಆಡಿದಂಗ ನಂಗ ಅನ್ನಿಸಲಿಲ್ಲ. ಎಲ್ಲಿ ಸಾಯ್ತೀವಿ, ಎಲ್ಲಿ ಸಿಟ್ಟು ಬರ್ತೈತಿ, ಯಾವ ಜಿಗತ ಐವತ್ತು ಸಲ ತಪ್ಪಿ ಐವತ್ತೊಂದನೇ ಸಲಕ್ಕ ಹತ್ತತೈತಿ, ಅದು ಬರದ ಆಟ ಹೆಂಗಾಕ್ಕೈತಿ?

ಎರಡನೇದು ಜಗಳದ್ದು. ಇವರಿಬ್ರ ನಡುವ ಬರೂ ಎಲ್ಲಾ ದೂರಾನೂ ಒಂದು ಮಾತು ನುಂಗಿದ್ದರಿಂದ ಬರ್ತೈತಿ. ಸೇಡಿಗೆ ಪಾಠಾ ಹೇಳೂ ಡೋವ್ ಅನ್ನೂ ಮೇಷ್ಟ್ರಿನ ಜೋಡಿ ಸಂಬಂಧ ಇರ್ತೈತಿ, ಅಂವ ಅಕಿಗೆ ಭಾಳ ಕೆಟ್ಟ ನಡಸ್ಕೋತಾನ. ಇಚಿಗೋ ಮಾಡೂವಾಗ ಅವನ ಸಾಫ್ಟ್‌ವೇರ್ ಬೇಕಾಗ್ತೈತಿ, ತಗೋತಾರ. ಸ್ಯಾಮಗ ಅವರ ಸಂಬಂಧ ಮೊದ್ಲ ಗೊತ್ತಿತ್ತೇನು, ಗೊತ್ತಿದ್ದೂ ನನ್ನ ಮತ್ತ ಅವನ ಕಡೆ ತಳ್ಳಿದ್ನೇನು ಅನ್ನೂದು ಸೇಡಿ ತಲಿಯಾಗ ಹುಳ ಆಗ್ತೈತಿ. ಸರಿ, ದೊಡ್ಡ ಸಂಶಯನ. ಆದ್ರ ಕೇಳಬೇಕಲ್ಲ? ನೂರಾರು ಪುಟ ಹೊಟ್ಟ್ಯಾಗ ಇಟ್ಕೊಂಡು ತಿರಗ್ತಾಳ. ನಿಜ ಜೀವನದಾಗೂ ಮಂದಿ ಕೇಳೂದಿಲ್ಲ ಅಕ್ಕಾರ, ಅಂತ ಸಭಾದಾಗ ಒಬ್ಬ ಹುಡುಗ ಅಂದ, ಖರೇ ಐತಿ ಅವನ ಮಾತು. ಆದ್ರ ಕೇಳದ ಇರೂದಕ್ಕೂ ಒಂದು ಕಾರಣ ಇರ್ತೈತಿ, ಹೆದರಿಕಿ ಇರಬಹುದು, ಮರ್ಯಾದಿ ಇರಬಹುದು, ಇನ್ನೊಬ್ಬ ಸಣ್ಣಾಂವ ಆಗ್ತಾನ ಅನ್ನೂ ಕಾಳಜಿ ಇರಬಹುದು. ಇಲ್ಲಿ ಕಥಿ ಮುಂದ ಹೋಗಬೇಕಾಗೈತಿ, ಅದಕ್ಕ ಇಬ್ರ ಬಾಯಿ ಮುಚ್ಚಿಸ್ಯಾಳ ಅಂತ ನಂಗ ಅನಿಸ್ತು.

ಮೂರನೇದು ಮಾರ್ಕ್ಸ್. ಸ್ಯಾಮನ ರೂಮ್‌ಮೇಟ್, ಕಂಪನಿಯ ಪ್ರೊಡ್ಯೂಸರ್, ರೊಕ್ಕಾ, ಊಟ, ಆಫೀಸು ಎಲ್ಲಾ ನೋಡ್ಕೊಳ್ಳೂ ಹುಡುಗ, ಆಮ್ಯಾಲೆ ಸೇಡಿಯ ಸಂಗಾತಿ. ಆಫೀಸಿಗೆ ಬಂದೂಕು ಹಿಡ್ಕೊಂಡು ಬಂದವರ ಕೈಯಾಗ ಸಾಯ್ತಾನ. ಅವನ ಸಾವಿನ ಅಧ್ಯಾಯ ಪೂರಾ ‘ನೀನು’ ಅಂತ ಬರದಾಳ, ಬರವಣಗಿ ಭಾರಿ ಐತಿ, ನನ್ನ ಕಣ್ಣಾಗ ನೀರು ಬಂದ್ವು. ಆದ್ರ ಬೆಳಿಗ್ಗೆ ಎದ್ದು ನೋಡಿದ್ರ ನಂಗ ಸಿಟ್ಟು ಬಂತು. ಇಂಥಾ ಹುಡುಗ ಪುಸ್ತಕ ತುಂಬ ಒಳ್ಳೆಯಾಂವ ಆಗಿ ಅಡ್ಡಾಡಿದ್ದು ಕಡಿಕ್ಕ ಹಿಂಗ ಸತ್ತು ಇನ್ನಿಬ್ರನ್ನ ಅಳಸಾಕೇನು? ಒಬ್ಬ ಮನಷ್ಯಾನ್ನ ಬರೇ ಇನ್ನೊಬ್ಬರ ದುಃಖಕ್ಕಂತ ಇಟ್ಕೊಳ್ಳೂದು ನಂಗ ಒಪ್ಪೂದಿಲ್ಲ, ಕಾದಂಬರಿ ಆದ್ರೂ ಅಷ್ಟ.

ಇನ್ನೊಂದು ಸುದ್ದಿ. ಸೇಡಿ ಕಾಲೇಜಿನ್ಯಾಗ ‘ಸೊಲ್ಯೂಷನ್’ ಅನ್ನೂ ಗೇಮ್ ಮಾಡ್ತಾಳ, ಫ್ಯಾಕ್ಟರಿಯಾಗ ಸಾಮಾನು ಜೋಡಿಸ್ಕೋತ ಪಾಯಿಂಟ್ ಗಳಿಸ್ಕೋತ ಹೋದ್ರ ಕಡಿಕ್ಕ ಗೊತ್ತಾಗ್ತೈತಿ ನಾವು ನಾಜಿಗಳ ಕೆಲಸ ಮಾಡೀವಿ ಅಂತ. ಬ್ರೆಂಡಾ ರೊಮೆರೋ ಅನ್ನೂ ಹಿರೇ ಗೇಮ್ ಡಿಸೈನರ್ 2009ರಾಗ ‘ಟ್ರೈನ್’ ಅಂತ ಒಂದು ಬೋರ್ಡ್ ಗೇಮ್ ಮಾಡಿದ್ರು, ಅದರಾಗ ರೈಲಿನ ಡಬ್ಬಿಗಳಿಗೆ ಮಂದಿನ್ನ ತುಂಬಿ ಓಡಿಸಿ ಮುಟ್ಟಿಸಿದ ಮ್ಯಾಲೆ ಗೊತ್ತಾಗ್ತೈತಿ ಆ ಊರು ನಾಜಿಗಳ ಸಾವಿನ ಕ್ಯಾಂಪ್ ಇದ್ದ ಔಶ್ವಿಟ್ಜ್ ಅಂತ. ತಮ್ಮ ಆಟಕ್ಕ ಆ ಪುಸ್ತಕದಾಗ ಹೆಸರು ಸಲ್ಲಬೇಕಿತ್ತು ಅಂತ ಅವ್ರು ಬಹಿರಂಗ ಹೇಳಿಕೊಂಡ್ರು. ಯಾರು ಸರಿ ಅನ್ನೂ ತೀರ್ಪು ನಾ ಕೊಡೂದಿಲ್ಲ. ಕೆಲಸ ಒಬ್ಬಾಕಿದು ಹೆಸರು ಇನ್ನೊಬ್ಬಂದು ಅನ್ನೂ ನೋವಿನ ಮ್ಯಾಲೆ ನಿಂತ ಕಾದಂಬರಿ ಇದು, ಇದರ ಸುತ್ತನ ಅಂಥಾ ಮಾತು ಹುಟ್ಟಿತಲ್ಲ ಅಂತ ಕೆಟ್ಟನಿಸ್ತು, ಅಷ್ಟ.

ಈಗ ನನ್ನ ಗೆಳತಿ ಸುದ್ದಿ. ಅಕಿನ್ನ ಗದಗಿಗೆ ಕೊಟ್ಟಾರ, ಗಂಡನ ಮನಿಯವರದು ಪ್ರಿಂಟಿಂಗ್ ಪ್ರೆಸ್ಸು, ಗದಗ ಅಂದ್ರ ನಿಮಗ ಗೊತ್ತ ಐತಲ್ಲ ಓಣಿಗೊಂದು ಪ್ರೆಸ್ಸು. ಲಗ್ನಪತ್ರಿಕಾ ಪ್ರೂಫ್ ನೋಡೂದು ಅಕಿದ ಕೆಲಸ, ಒಂದು ಒತ್ತು ತಪ್ಪಿದ್ರ ಬಿಡೂದಿಲ್ಲ. ಇಂಗ್ಲಿಷ್ ಕಾದಂಬರಿ ಓದಾಕ ಅಕಿಗೆ ಬ್ಯಾಸರ, ಹಂಗಾಗಿ ನಾ ದಿನಾ ರಾತ್ರಿ ಊಟ ಆದ ಮ್ಯಾಲೆ ಫೋನಿನ್ಯಾಗ ಒಂದೊಂದು ಭಾಗ ಹೇಳಿದೆ, ಒಂದು ವಾರ ಹಿಡೀತು. ಆಸ್ಪತ್ರಿ ಭಾಗ ಹೇಳಿದಾಗ ಮುಂದೇನಾತು ಮುಂದೇನಾತು ಅಂತ ಬೆನ್ನು ಹತ್ತಿದ್ಲು. ನಾಕನೇ ದಿನಕ್ಕ ಸುಮ್ನಾದ್ಲು. ಆರನೇ ದಿನ ಅಂದ್ಲು, ಅಲ್ಲಲೇ, ಕಂಪನಿ ಆತು, ರೊಕ್ಕಾ ಆತು, ಜಗಳ ಆತು, ಸತ್ತೂ ಆತು. ಅವ್ರು ಆಡೂದು ಯಾವಾಗ?

ನಾ ಫೋನ್ ಹಿಡ್ಕೊಂಡು ನಿಂತಬಿಟ್ನಿ. ತಿಂಗಳುಗಟ್ಲೆ ನಂಗ ಏನು ಕಡಿಮಿ ಬಿದ್ದೈತಿ ಅಂತ ಹೇಳಾಕ ಬರ್ತಿರಲಿಲ್ಲ, ಅಕಿ ಪ್ರೂಫಿನಾಗ ತಪ್ಪು ಹಿಡದಂಗ ಹಿಡದ್ಲು.

ಏಳನೇ ದಿನ ಕಡೀ ಭಾಗ ಹೇಳಿದೆ. ಮಾರ್ಕ್ಸ್ ಸತ್ತ ಮ್ಯಾಲೆ ಸೇಡಿ ಮನಿ ಹಿಡದು ಕೂಡ್ತಾಳ, ಹೊಟ್ಟ್ಯಾಗ ಅವನ ಕೂಸು ಇರ್ತೈತಿ. ಸ್ಯಾಮ್ ಅಕಿಗಂತ ಒಂದು ಆನ್‌ಲೈನ್ ಗೇಮ್ ಕಟ್ತಾನ, ತನ್ನ ಹೆಸರು ಮುಚ್ಚಿಟ್ಟು ಬ್ಯಾರೆ ಮಾರಿ ಹಾಕ್ಕೊಂಡು ಅದರಾಗ ಅಕಿ ಜೋಡಿ ಆಡ್ತಾನ. ಗೊತ್ತಾದಾಗ ಸೇಡಿ ಸಿಟ್ಟಾಗ್ತಾಳ. ಗೆಳತಿ ತಟ್ಟನ ಅಂದ್ಲು, ಅಕಿ ತಾಸು ಬರಸಿದ್ಲು, ಇಂವ ಹೆಸರು ಮುಚ್ಚಿದ, ಸಮಾ ಆತು. ನಾ ಎರಡು ಸಲ ಓದಿದ್ರೂ ಹೊಳದಿದ್ದಿಲ್ಲ ಅದು. ಮೊದ್ಲ ಅಕಿ ದೋಸ್ತಿನ್ನ ಸೇವಾ ಅಂತ ಮುಚ್ಚಿದ್ಲು, ಕಡಿಕ್ಕ ಅಂವ ಸೇವಾನ ದೋಸ್ತಿ ಅಂತ ಮುಚ್ಚಿದ. ಎಷ್ಟು ದೊಡ್ಡ ಮಾತು ಇತ್ತು ಅಲ್ಲಿ! ಇಬ್ರನ್ನ ಎದುರಾಬದುರಾ ಕುಂದ್ರಿಸಿ ಇದೊಂದನ್ನ ಆಡಿಸಿದ್ರ ನಾ ಈ ಪುಸ್ತಕ ತಲಿ ಮ್ಯಾಲೆ ಹೊತ್ಕೊಂಡು ಅಡ್ಡಾಡ್ತಿದ್ದೆ. ಅದರ ಮಗ್ಗಲದಿಂದ ದಾಟಿಹೋಗಿ ಮೆತ್ತಗ ಮುಗಿಸ್ಯಾಳ.

ಆಟ, ದೋಸ್ತಿ ಅಂದ್ರ ನಮ್ಮ ಕಡೆಯವರಿಗೆ ಪಂಪ ನೆನಪಾಗದ ಇರ್ತಾನೇನು? ಗದಗಿಗೆ ಹೋಗೂವಾಗ ಅಣ್ಣಿಗೇರಿ ಸ್ಟೇಶನ್ ಬಂದಾಗೆಲ್ಲಾ ನಂಗ ಅಂವ ನೆನಪಾಗ್ತಾನ, ಅವನ ತಾಯಿ ಅಬ್ಬಣಬ್ಬೆ ಆ ಊರಿನ ಮನಿತನದಾಕಿ. ವಿಕ್ರಮಾರ್ಜುನ ವಿಜಯದಾಗ ಕೃಷ್ಣ ಕರ್ಣನ್ನ ಪಾಂಡವರ ಕಡೆ ಬಾ ಅಂತ ಕರದಾಗ ಕರ್ಣ ಒಂದು ಪದ್ಯ ಹೇಳ್ತಾನ, ನಾಕ ಸಾಲು. ದುರ್ಯೋಧನನ ಹೆಂಡ್ತಿ ಭಾನುಮತಿ ಜೋಡಿ ಪಗಡಿ ಆಡಾಕತ್ತಿದ್ದೆ, ಅಕಿ ಸೋತ್ಲು, ಸೋತಿದ್ದು ಕೊಡು ಅಂತ ಕಾಡಿದೆ, ಎಳದಾಟದಾಗ ಅಕಿ ಕೊಳ್ಳಾಗಿನ ಸರಾ ಹರದು ಮುತ್ತು ಚೆಲ್ಲಾಪಿಲ್ಲಿ ಆದ್ವು, ದುರ್ಯೋಧನ ನೋಡಿದ, ಮನಸಿನ್ಯಾಗ ಏನೂ ಇಟ್ಕೊಳ್ಳದ, ಇವನ್ನ ಆರಿಸಿಕೊಡ್ಲೇನು ಅಂತ ಕೇಳಿದ, ಅಂಥಾವನ್ನ ಬಿಟ್ಟು ಬರ್ಲೇನು ನಾ? ನೋಡ್ರಿ ಇಷ್ಟ. ದುರ್ಯೋಧನ ನನ್ನ ಪ್ರಾಣಸ್ನೇಹಿತ, ಭಾಳ ದೊಡ್ಡ ಮನಸಿನಾಂವ ಅಂತ ಒಂದು ಮಾತು ಆಡಲಿಲ್ಲ ಕರ್ಣ. ಯಾರು ಸೋತ್ರು, ಯಾರು ಎಳದ್ರು, ಏನು ಹರೀತು, ಬಂದಾಂವ ಏನಂದ, ಆಟದ ಹಾಸು ಕಣ್ಣ ಮುಂದ ಇಟ್ಟಾನ. ಸಾವಿರ ವರ್ಷ ಆದ್ರೂ ಆ ಮುತ್ತು ಇನ್ನೂ ಉರುಳಾಕತ್ತಾವ. ಪಂಪನ್ನ ಅಮೆರಿಕಾದ ಕಾದಂಬರಿ ಜೋಡಿ ತೂಗೂದು ಅನ್ಯಾಯ ಅಂತ ಸಭಾದಾಗ ಹಿರ್ಯಾರೊಬ್ರು ಅಂದ್ರು, ಇರಬಹುದ್ರಿ ಸರ, ಆದ್ರ ನಾ ಎರಡನ್ನೂ ಓದಿದಾಕಿ, ಎದ್ಯಾಗ ಎರಡಕ್ಕೂ ಒಂದ ತಕ್ಕಡಿ.

ಒಳ್ಳೇದನ್ನ ಹೇಳದ ಹೋದ್ರ ತಪ್ಪಾಗ್ತೈತಿ. ಎರಡನೇ ರಿಮೋಟಿನ ನೋವು ಈ ಪುಸ್ತಕಕ್ಕ ಗೊತ್ತೈತಿ. ಇಬ್ರೂ ಮಾಡಿದ ಗೇಮಿಗೆ ಮಂದಿ ಸ್ಯಾಮನ್ನ ಮಾತ್ರ ಮಾತಾಡಿಸ್ತಾರ, ಸೇಡಿ ಮಗ್ಗಲ ನಿಂತಿರ್ತಾಳ, ಆ ಪುಟಗಳು ಸುಡ್ತಾವ. ಗಂಡಸು ಹೆಂಗಸು ಇದ್ದೂ ಪ್ರೇಮ ಅಂತ ಮಾಡದ, ದೋಸ್ತಿ ಅದಕ್ಕಿಂತ ಸಣ್ಣದಲ್ಲ ಅಂತ ಕಡೀತನಕ ಹಟ ಹಿಡದು ನಿಂತಾಳ ಲೇಖಕಿ, ಅದಕ್ಕ ನಾ ಕೈ ಮುಗೀತೀನಿ. ನನ್ನ ತಮ್ಮನ ವಯಸ್ಸಿನವರು ಇದನ್ನ ಓದಿ ಹಳೇ ದೋಸ್ತರಿಗೆ ಫೋನ್ ಹಚ್ಯಾರಂತ, ಆಗ್ಲಿ, ಸಂತೋಷ.

ಕಡಿಕ್ಕ ಒಬ್ರು ಅಕ್ಕಾರು ಕೇಳಿದ್ರು, ನಿಮ್ಮ ದೋಸ್ತಿಯಾಗ ಜಗಳ ಆಗಿದ್ದಿಲ್ಲೇನು?

ಆಗಿತ್ತು. ಕಾಂಟ್ರಾದ ಮೂರನೇ ಸ್ಟೇಜು, ಜಲಪಾತ. ಅಲ್ಲಿ ಆಟ ಮ್ಯಾಲೆ ಏರ್ಕೋತ ಹೋಗ್ತೈತಿ, ಒಬ್ಬಾಕಿ ಲಗೂ ಹತ್ತಿದ್ರ ಪರದೆ ಅಕಿ ಜೋಡಿ ಮ್ಯಾಲೆ ಹೋಗ್ತೈತಿ, ಕೆಳಗ ಉಳದಾಕಿ ಪರದೆಯಿಂದ ಜಾರಿ ಸಾಯ್ತಾಳ. ವೈರಿ ಗುಂಡು ಬ್ಯಾಡ, ಏನ ಬ್ಯಾಡ, ದೋಸ್ತ ಮುಂದ ಹೋದ್ರ ಸಾಕು. ಆವತ್ತು ನನ್ನ ಕೈಯಾಗ ಎಸ್ ಗನ್ ಇತ್ತು, ಒಮ್ಮೆಲೆ ಐದು ಗುಂಡು ಹರಡೂ ಗನ್ನು, ಸತ್ರ ಅದು ಹೋಗ್ತೈತಿ, ಅದು ಹೋಗೂದ್ರಾಗ ನಾಕನೇ ಸ್ಟೇಜ್ ನೋಡಬೇಕು ಅನ್ನೂ ಆಸೆ. ಅಕಿ ತಡಿ ತಡಿ ಅನ್ನಾಕತ್ತಿದ್ಲು. ನಂಗ ಕೇಳಿಸ್ತು. ನಾ ಹತ್ತಿದೆ. ಅಕಿ ಕಡೀ ಲೈಫು ಹೋತು. ನಿಲ್ಸು ಅಂದ್ರ ನಿಲ್ಸೂ ಬಟನ್ ಅಕಿ ರಿಮೋಟಿಗೆ ಇಲ್ಲ. ರಿಮೋಟ್ ಚಾಪಿ ಮ್ಯಾಲಿಟ್ಟು ಎದ್ದು ಹೋದ್ಲು, ಎಂಟು ದಿನ ಮಾತಿಲ್ಲ. ಸಾಲಿಗೆ ಹೋಗೂವಾಗ ರಸ್ತೆದ ಆ ಬದಿಗೆ ಅಕಿ, ಈ ಬದಿಗೆ ನಾ. ಎಂಟನೇ ದಿನ ಸಂಜಿಕ್ಕ ಪೇಪರ್‌ನಾಗ ಗಿರ್ಮಿಟ್ ಕಟಿಗೊಂಡು ಬಂದ್ಲು, ಅಣ್ಣ ಹೋದ ಬಾ ಅಂದ್ಲು, ಒಂದನೇ ರಿಮೋಟ್ ತಾ ತಗೊಂಡ್ಲು, ಕ್ಯಾಸೆಟ್ ಊದಿ ಹಾಕಿದ್ಲು. ಜಲಪಾತ ಬಂದಾಗ ನನ್ನ ಕಡೆ ನೋಡದ, ನೀ ಮೊದ್ಲ ಹತ್ತು, ನಾ ನಿನ್ನ ಹಿಂದ ಬರ್ತೀನಿ, ಆದ್ರ ಸಾವಕಾಶ ಹತ್ತು ಅಂದ್ಲು.

ಆವತ್ತು ದಾಟಿದ್ವೇನ್ರಿ ಅಂತ ಅದ ಹುಡುಗ ಕೇಳಿದ. ಇಲ್ಲಪಾ, ಕರೆಂಟ್ ಹೋತು.

ಪುಸ್ತಕ ಇಲ್ಲೇ ಮೇಜಿನ ಮ್ಯಾಲೆ ಇಟ್ಟೇನಿ, ಬೇಕಾದವ್ರು ಒಯ್ರಿ. ಆ ರಿಮೋಟ್ ಕೊಡೂ ಪುಟಕ್ಕ ಬಸ್ಸಿನ ಟಿಕೆಟ್ ಇಟ್ಟು ಗುರ್ತು ಮಾಡೇನಿ, ಅದನ್ನ ತಗೀಬ್ಯಾಡ್ರಿ.